ಸಾಂದರ್ಭಿಕ ಸಾಕ್ಷ್ಯ ಮತ್ತು ಕೊಲೆ ಮೊಕದ್ದಮೆಯ ಮೇಲ್ಮನವಿ

ಕೃತ್ಯವನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲದಿರುವಲ್ಲಿ, ಅದರ ಹಿಂದುಮುಂದಿನ ಸಂಗತಿಗಳನ್ನು ಮಾತ್ರ ಒಂದಕ್ಕೊಂದು ಹೊಂದಿಸಿ, ಅವುಗಳ ಬಲದಿಂದ ಆರೋಪಿಯೇ ಕೊಲೆಗಾರನೆಂದು ಕೆಳಗಿನ ನ್ಯಾಯಾಲಯ ನಿರ್ಣಯಿಸಿದಾಗ, ಆ ನಿರ್ಣಯವನ್ನು ಮೇಲಿನ ನ್ಯಾಯಾಲಯದ ವಿಮರ್ಶೆಗೆ ಒಡ್ಡುವ ವಿಧಿವಿಹಿತ ಕ್ರಮ. ನಮ್ಮ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಇಂಥ ನಿರ್ಣಯದ ಆಧಾರ ಪ್ರತ್ಯಕ್ಷವಲ್ಲ, ಅನುಮಾನ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅನುಮಾನ. ಆದರೆ ಬೆಟ್ಟದ ಮೇಲಿನ ಮಂಜನ್ನೇ ಹೊಗೆಯೆಂದು ಬಗೆದು ಬೆಂಕಿಯನ್ನು ಸಾಧಿಸ ಹೊರಟವನದು ಹೇತ್ವಾಭಾಸ. ಕನ್ನಡದ ಆಡುಮಾತಿನಲ್ಲಿ ಅನುಮಾನವೆಂಬ ಈ ಶಬ್ದವೇ ಸಂಶಯವೆಂಬ ಇನ್ನೊಂದು ಅರ್ಥವನ್ನು ತಾಳಿರುವುದು ಸ್ವಾರಸ್ಯದ ಸಂಗತಿ: 'ಅವನ ಮೇಲೆ ನನಗೆ ಅನುಮಾನ' ಎಂದಾಗ ನಾವು ಯಾವ ಪ್ರಮಾಣವನ್ನೂ ಮುಂದಿಡುವುದಿಲ್ಲ. ಸಾಂದರ್ಭಿಕ ಸಾಕ್ಷ್ಯದ ಮೇಲೆ ನಿಂತ ಕೊಲೆಯ ತೀರ್ಪು ಮೇಲ್ಮನವಿಗೆ ಬಂದಾಗ ಅಲ್ಲಿ ನಡೆಯುವ ವಿಚಾರಣೆಯೆಲ್ಲವೂ, ಸ್ಥೂಲವಾಗಿ ಹೇಳುವುದಾದರೆ, ಕೆಳಗಿನ ನ್ಯಾಯಾಧೀಶರ ಅನುಮಾನ ಈ ಎರಡರಲ್ಲಿ ಯಾವ ಬಗೆಯದೆಂಬ ಶೋಧನೆಯೇ ಆಗಿರುತ್ತದೆ.

ಈ ಭೇದದ ಅರಿವು ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರಕ್ಕೆ ಇರಲಿಲ್ಲವೆಂದು ತಿಳಿಯಲಾಗದು. ಸಾಕ್ಷಿಗಳಿಲ್ಲದೆಯೂ ಚಿಹ್ನೆಗಳಿಂದಲೇ ಅಪರಾಧಿಯನ್ನು ಗುರುತಿಸಬಹುದಾದ ಸಂದರ್ಭಗಳನ್ನು ನಾರದಸ್ಮೃತಿ ಹೇಳುತ್ತದೆ. ಕೊಳ್ಳಿಯನ್ನು ಹಿಡಿದವನು ಬೆಂಕಿಯಿಟ್ಟವನೆಂದೂ ಆಯುಧವನ್ನು ಹಿಡಿದವನು ಕೊಂದವನೆಂದೂ ತಿಳಿಯಬಹುದೆಂಬುದು ಅದರ ಮತ. ಆದರೆ ಅದೇ ಸ್ಮೃತಿ, ಕಳ್ಳನಲ್ಲದ ಮಾಂಡವ್ಯನು ವ್ಯವಹಾರದ ದೋಷದಿಂದ ಕಳ್ಳನೆನಿಸಿದನೆಂಬುದನ್ನೂ ಜ್ಞಾಪಿಸದೆ ಬಿಡುವುದಿಲ್ಲ. ಮೌನವ್ರತದಲ್ಲಿದ್ದ ಆ ಋಷಿಯ ಆಶ್ರಮದಲ್ಲಿ ಕಳ್ಳರು ಬಚ್ಚಿಟ್ಟ ಮಾಲು ಸಿಕ್ಕಿತು, ಕೇಳಿದ ಪ್ರಶ್ನೆಗೆ ಋಷಿಯಿಂದ ಉತ್ತರ ಬರಲಿಲ್ಲ, ರಾಜಭಟರು ಶೂಲಕ್ಕೇರಿಸಿದರು. ಶೂದ್ರಕನ ಮೃಚ್ಛಕಟಿಕದ ಒಂಬತ್ತನೆಯ ಅಂಕವಂತೂ ಈ ವಿಷಯದ ಪಾಠಪುಸ್ತಕವೆನ್ನಬಹುದು. ಗಣಿಕೆ ವಸಂತಸೇನೆಯನ್ನು ಕೊಂದನೆಂಬ ಆರೋಪ ಅಲ್ಲಿ ಚಾರುದತ್ತನ ಮೇಲೆ ಬರುತ್ತದೆ. ವಸಂತಸೇನೆ ಚಾರುದತ್ತನನ್ನು ಕಾಣಲು ಪುಷ್ಪಕರಂಡಕ ಉದ್ಯಾನಕ್ಕೆ ಹೊರಟಿದ್ದಳೆಂಬ ಮಾತು, ಅಲ್ಲಿ ಒಬ್ಬ ಹೆಂಗಸಿನ ಶವದ ಅವಶೇಷ ಕಂಡಿತೆಂಬ ವರದಿ, ಚಾರುದತ್ತನ ಬಡತನ, ತುಂಬಿದ ಸಭೆಯಲ್ಲಿ ಅವನ ಗೆಳೆಯ ಮೈತ್ರೇಯನ ಕಂಕುಳಿಂದ ಉದುರಿಬಿದ್ದ ಅವಳ ಒಡವೆಗಳು, ಇವೆಲ್ಲವೂ ಹುಸಿಯಲ್ಲದ ಸಂಗತಿಗಳೇ. ಸುಳ್ಳಾದದ್ದು ಅವುಗಳನ್ನು ಪೋಣಿಸಿ ಕಟ್ಟಿದ ಕಥೆ ಮಾತ್ರ. ಸತ್ತಳೆಂದ ವಸಂತಸೇನೆ ಬದುಕಿಯೇ ಇದ್ದಳು. ಚಾರುದತ್ತನಿಗೆ ಮೇಲ್ಮನವಿಯ ಅವಕಾಶವಿರಲಿಲ್ಲ. ಪಾಲಕರಾಜನ ಆಜ್ಞೆಯೇ ಕೊನೆಯ ಮಾತಾಗಿತ್ತು.

ಮನಸ್ಸಿನ ಈ ಕಥೆಕಟ್ಟುವ ಚಾಪಲ್ಯವನ್ನು ಇಂಗ್ಲೆಂಡಿನ ನ್ಯಾಯಪೀಠದಿಂದ ಸ್ಪಷ್ಟವಾಗಿ ನಿರೂಪಿಸಿದವನು ಬ್ಯಾರನ್ ಆಲ್ಡರ್ಸನ್. 1838ರಲ್ಲಿ ಹಾಡ್ಜ್ ಎಂಬುವನ ಕೊಲೆ ಮೊಕದ್ದಮೆಯಲ್ಲಿ ಜ್ಯೂರಿಗೆ ತಿಳಿವಳಿಕೆ ಹೇಳುತ್ತ, ಸಂಗತಿಗಳನ್ನು ಒಂದಕ್ಕೊಂದು ಹೊಂದಿಸುವುದರಲ್ಲಿ ಮನಸ್ಸು ಒಂದು ಬಗೆಯ ಸುಖವನ್ನು ಪಡೆಯುತ್ತದೆಂದೂ, ಹೊಂದದಿರುವುದನ್ನು ಸ್ವಲ್ಪ ಎಳೆದಾದರೂ ಹೊಂದಿಸಲು ಹವಣಿಸುತ್ತದೆಂದೂ, ಬುದ್ಧಿ ಚುರುಕಾದಷ್ಟೂ ಇಲ್ಲದ ಕೊಂಡಿಯನ್ನು ಊಹಿಸಿ ತುಂಬಿಕೊಳ್ಳುವ ಅಪಾಯ ಹೆಚ್ಚೆಂದೂ ಅವನು ಎಚ್ಚರಿಸಿದನು. ಜ್ಯೂರಿ ಹಾಡ್ಜನನ್ನು ನಿರ್ದೋಷಿಯೆಂದಿತು. ನೂರ ಎಂಬತ್ತು ವರ್ಷಗಳಿಗೂ ಮಿಕ್ಕಿ ಈ ಮಾತು ನ್ಯಾಯಾಲಯಗಳಲ್ಲಿ ಉಳಿದುಬಂದಿದ್ದರೆ, ಅದು ಕಾನೂನಿನ ಸೂತ್ರವಾಗಿರುವುದಕ್ಕಿಂತ ಮನಶ್ಶಾಸ್ತ್ರದ ಸತ್ಯವಾಗಿರುವುದೇ ಕಾರಣವೆಂದು ತೋರುತ್ತದೆ.

ಆದರೆ ಆಲ್ಡರ್ಸನ್ನನ ಕಾಲದ ಇಂಗ್ಲೆಂಡಿನಲ್ಲಿ ಜ್ಯೂರಿಯ ನಿರ್ಣಯವನ್ನು ಸಂಗತಿಗಳ ಮೇಲೆ ಪ್ರಶ್ನಿಸುವ ಹಾದಿ ಇರಲಿಲ್ಲ. ಆ ಹಾದಿಯನ್ನು ತೆರೆದದ್ದು 1907ರ ಕ್ರಿಮಿನಲ್ ಅಪೀಲು ಅಧಿನಿಯಮ; ಅದರಿಂದ ಹುಟ್ಟಿದ ಮೇಲ್ಮನವಿ ನ್ಯಾಯಾಲಯವೂ ಜ್ಯೂರಿಯ ತೀರ್ಮಾನಕ್ಕೆ ಕೈಹಾಕಲು ಬಹುಕಾಲ ಹಿಂಜರಿಯಿತು. ಆ ಹಿಂಜರಿಕೆ ಮುರಿದದ್ದು 1931ರ ಲಿವರ್‌ಪೂಲಿನ ವಾಲೆಸ್ ಪ್ರಕರಣದಲ್ಲಿ. ವಿಲಿಯಂ ಹರ್ಬರ್ಟ್ ವಾಲೆಸ್ ವಿಮಾ ಕಂಪನಿಯೊಂದರ ಏಜೆಂಟ್, ಚದುರಂಗದ ಹವ್ಯಾಸಿ. ಜನವರಿ 19ರ ಸಂಜೆ ಅವನ ಚದುರಂಗದ ಕ್ಲಬ್ಬಿಗೆ ಯಾರೋ ದೂರವಾಣಿ ಮಾಡಿ, ತನ್ನ ಹೆಸರು ಕ್ವಾಲ್ಟ್ರೋ ಎಂದೂ, ವ್ಯಾಪಾರದ ಮಾತಿಗಾಗಿ ಮರುದಿನ ಸಂಜೆ ಏಳೂವರೆಗೆ ಮೆನ್‌ಲವ್ ಗಾರ್ಡನ್ಸ್ ಈಸ್ಟ್ 25ನೆಯ ಮನೆಗೆ ವಾಲೆಸ್ ಬರಬೇಕೆಂದೂ ಹೇಳಿಟ್ಟರು. ಮರುದಿನ ವಾಲೆಸ್ ಟ್ರಾಮ್ ಹಿಡಿದು ಹೋಗಿ ದಾರಿಹೋಕರನ್ನೂ ಪೊಲೀಸಿನವನನ್ನೂ ವಿಚಾರಿಸಿ ಅಲೆದನು. ಆ ಬಡಾವಣೆಯಲ್ಲಿ ಉತ್ತರವಿತ್ತು, ದಕ್ಷಿಣವಿತ್ತು, ಪಶ್ಚಿಮವಿತ್ತು; ಪೂರ್ವವೆಂಬ ಬೀದಿಯೇ ಇರಲಿಲ್ಲ. ಹಿಂದಿರುಗಿ ಮನೆಗೆ ಬಂದಾಗ ಪತ್ನಿ ಮುಂಗೋಣೆಯಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದಳು.

ಈ ಪ್ರಕರಣದ ವಿಶೇಷವೇನೆಂದರೆ ಪ್ರತಿಯೊಂದು ಸಂಗತಿಯನ್ನೂ ಎರಡು ಬಗೆಯಲ್ಲಿ ಓದಬಹುದಾಗಿತ್ತು. ದೂರವಾಣಿಯ ಕರೆ ವಾಲೆಸನ ಮನೆಯಿಂದ ಅನತಿದೂರದ ಪೆಟ್ಟಿಗೆಯಿಂದ ಬಂದಿತ್ತೆಂಬುದು, ಅವನೇ ತನಗೊಂದು ನೆಪವನ್ನು ಸೃಷ್ಟಿಸಿಕೊಂಡನೆಂದು ಪ್ರಾಸಿಕ್ಯೂಷನ್ನಿನ ವಾದವಾದರೆ, ಅವನು ಮನೆಯಿಂದ ಹೊರಡುವುದನ್ನು ಹೊಂಚುತ್ತಿದ್ದ ಇನ್ನೊಬ್ಬನೂ ಅಲ್ಲಿಂದಲೇ ಕರೆಯಬಹುದಾಗಿತ್ತು. ಕಂಡಕಂಡವರನ್ನು ದಾರಿ ಕೇಳಿದ್ದು ಸಾಕ್ಷಿಗಳನ್ನು ಕೂಡಿಹಾಕಿಕೊಳ್ಳುವ ಹಂಚಿಕೆಯೂ ಆಗಿರಬಹುದು, ದಾರಿ ತಪ್ಪಿದವನ ಸಹಜ ನಡತೆಯೂ ಆಗಿರಬಹುದು. ಹಾಲಿನ ಹುಡುಗ ಪತ್ನಿಯನ್ನು ಜೀವಂತವಾಗಿ ಕಂಡ ಹೊತ್ತಿಗೂ ವಾಲೆಸ್ ಟ್ರಾಮಿನಲ್ಲಿ ಕಾಣಿಸಿಕೊಂಡ ಹೊತ್ತಿಗೂ ಇದ್ದ ಅಂತರ ಅತ್ಯಲ್ಪ; ಅವನ ಮೈಮೇಲೂ ಬಟ್ಟೆಯ ಮೇಲೂ ರಕ್ತದ ಕಲೆ ಇರಲಿಲ್ಲ. ವಿಚಾರಣಾ ನ್ಯಾಯಮೂರ್ತಿ ರೈಟ್ ಅವರ ಉಪಸಂಹಾರ ಬಿಡುಗಡೆಯ ಕಡೆಗೇ ಒಲಿದಿದ್ದರೂ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಅವನನ್ನು ದೋಷಿಯೆಂದಿತು. ಮೇ 19ರಂದು ಮುಖ್ಯ ನ್ಯಾಯಮೂರ್ತಿ ಲಾರ್ಡ್ ಹೀವರ್ಟ್ ಅವರ ಪೀಠ, ಆರೋಪ ಅಗತ್ಯವಾದ ನಿಶ್ಚಿತತೆಯಿಂದ ಸಿದ್ಧವಾಗಿಲ್ಲವೆಂದು ತೀರ್ಪನ್ನು ರದ್ದುಮಾಡಿತು. ಸಾಕ್ಷ್ಯ ಸಾಲದೆಂಬ ಒಂದೇ ಕಾರಣದಿಂದ ಆ ದೇಶದಲ್ಲಿ ಕೊಲೆಯ ತೀರ್ಪೊಂದು ಮೇಲ್ಮನವಿಯಲ್ಲಿ ಬಿದ್ದುದು ಅದೇ ಮೊದಲು. ಕೊಂದವರು ಯಾರೆಂಬುದು ಇಂದಿಗೂ ತೀರ್ಮಾನವಾಗಿಲ್ಲ. ಮೇಲ್ಮನವಿ ನ್ಯಾಯಾಲಯದ ಮುಂದಿದ್ದ ಪ್ರಶ್ನೆಯೂ ಅದಾಗಿರಲಿಲ್ಲ.

ಭಾರತದಲ್ಲಿ ಈ ವಿಷಯದ ತಳಹದಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರಚಿಸಿದ 1872ರ ಸಾಕ್ಷ್ಯ ಅಧಿನಿಯಮ. ಪ್ರತ್ಯಕ್ಷ ಸಾಕ್ಷ್ಯ ಮೇಲು, ಸಾಂದರ್ಭಿಕ ಸಾಕ್ಷ್ಯ ಕೀಳು ಎಂಬ ತರತಮವನ್ನು ಆ ಶಾಸನ ಎಲ್ಲಿಯೂ ಹೇಳುವುದಿಲ್ಲ. ವಿವೇಕಿಯಾದ ಮನುಷ್ಯ ಯಾವ ಸಂಭವನೀಯತೆಯನ್ನು ನೆಚ್ಚಿ ತನ್ನ ವ್ಯವಹಾರವನ್ನು ನಡೆಸಿಯಾನೋ ಅಷ್ಟು ಸಂಭವನೀಯವಾದುದು ಸಿದ್ಧವಾದಂತೆಯೇ ಎಂಬುದು ಅದರ ಲಕ್ಷಣ. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದೆಯಾದರೂ ಕಲಮುಗಳ ಸಂಖ್ಯೆ ಬದಲಾದಷ್ಟು ತತ್ತ್ವ ಬದಲಾಗಿಲ್ಲ. ಹಳೆಯ ತೀರ್ಪುಗಳೆಲ್ಲ ಹಳೆಯ ಸಂಖ್ಯೆಗಳಲ್ಲೇ ಮಾತಾಡುವುದರಿಂದ ಇಲ್ಲಿಯೂ ಅವನ್ನೇ ಬಳಸಲಾಗಿದೆ.

ಸ್ವಾತಂತ್ರ್ಯಪೂರ್ವದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕಡೆಯ ಮೆಟ್ಟಿಲಾಗಿತ್ತು. 1937ರ ಮಾರ್ಚ್ 23ರಂದು ಪುರಿಯ ರೈಲ್ವೆ ನಿಲ್ದಾಣದಲ್ಲಿ ಮೂರನೆಯ ದರ್ಜೆಯ ಡಬ್ಬಿಯೊಳಗೆ ವಾರಸುದಾರರಿಲ್ಲದ ಉಕ್ಕಿನ ಟ್ರಂಕೊಂದು ಸಿಕ್ಕಿ, ಅದರಲ್ಲಿ ಏಳು ತುಂಡು ಮಾಡಿದ ಶವವಿದ್ದುದು ಪಾಕಲ ನಾರಾಯಣಸ್ವಾಮಿಯ ಪ್ರಕರಣಕ್ಕೆ ನಾಂದಿಯಾಯಿತು. ತಾನು ಬರಹಂಪುರಕ್ಕೆ ಹೊರಟಿರುವೆನೆಂದು ಮೃತನು ಹೆಂಡತಿಗೆ ಹೇಳಿದ ಮಾತನ್ನು ಲಾರ್ಡ್ ಆಟ್ಕಿನ್ ಸಾಕ್ಷ್ಯವಾಗಿ ಸ್ವೀಕರಿಸಿದರು, ಆರೋಪಿಯಾದ ನಾರಾಯಣಸ್ವಾಮಿ ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ನಿರಾಕರಿಸಿದರು, ಉಳಿದ ಸಂಗತಿಗಳೇ ಸಾಕೆಂದು 1939ರಲ್ಲಿ ಮೇಲ್ಮನವಿಯನ್ನು ವಜಾಮಾಡಿದರು. ಒಂದು ಕೊಂಡಿ ಕಳಚಿದರೂ ತೀರ್ಪು ಉಳಿಯಬಹುದೆಂಬುದಕ್ಕೆ ಇದು ನಿದರ್ಶನ. ಸಾಂದರ್ಭಿಕ ಸಾಕ್ಷ್ಯ ಸರಪಳಿಯೋ ಹಗ್ಗವೋ ಎಂಬ ಚರ್ಚೆ ಹುಟ್ಟುವುದು ಇಲ್ಲಿಯೇ: ಸರಪಳಿಯಾದರೆ ಒಂದು ಕೊಂಡಿ ಮುರಿದಲ್ಲಿ ಎಲ್ಲವೂ ಹೋಯಿತು, ಹಗ್ಗವಾದರೆ ಒಂದು ಎಳೆ ಹರಿದರೂ ಉಳಿದ ಎಳೆಗಳು ಭಾರವನ್ನು ಹೊರಬಹುದು. ನಮ್ಮ ನ್ಯಾಯಾಲಯಗಳು ಸರಪಳಿಯ ಉಪಮೆಗೇ ಅಂಟಿಕೊಂಡಿವೆ. ಎಲ್ಲ ಪ್ರಕರಣಗಳಿಗೂ ಅದು ಒಪ್ಪುತ್ತದೆಂದು ಹೇಳುವುದು ಕಷ್ಟ.

ಸರ್ವೋಚ್ಚ ನ್ಯಾಯಾಲಯದ ಮೂಲತೀರ್ಪು 1952ರ ಸೆಪ್ಟೆಂಬರಿನಲ್ಲಿ ಬಂದ ಹನುಮಂತ ಗೋವಿಂದ ನರಗುಂದಕರ್ ವಿರುದ್ಧ ಮಧ್ಯಪ್ರದೇಶ ರಾಜ್ಯ. ಕೊಲೆಯ ಅಪೀಲುಗಳಲ್ಲಿ ನಿತ್ಯವೂ ಉಲ್ಲೇಖಗೊಳ್ಳುವ ಈ ತೀರ್ಪು ಕೊಲೆಗೆ ಸಂಬಂಧಪಟ್ಟದ್ದೇ ಅಲ್ಲ. ಸಿವನಿಯ ಭಟ್ಟಿ ಕಾರ್ಖಾನೆಯ ಗುತ್ತಿಗೆಯ ಟೆಂಡರು, ಖೋಟಾ ಎನ್ನಲಾದ ಒಂದು ಪತ್ರ, ಅದನ್ನು ಅಚ್ಚಿಸಿದ ಬೆರಳಚ್ಚು ಯಂತ್ರ ಯಾವುದೆಂಬ ತಕರಾರು, ಇವಿಷ್ಟೇ ಅಲ್ಲಿನ ವಸ್ತು. ಆಲ್ಡರ್ಸನ್ನನ ಎಚ್ಚರಿಕೆಯನ್ನು ಎತ್ತಿಹೇಳಿದ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್, ಅಪರಾಧದ ಅನುಮಾನಕ್ಕೆ ಆಧಾರವಾದ ಸಂಗತಿಗಳು ಮೊದಲು ಪೂರ್ಣವಾಗಿ ಸಿದ್ಧವಾಗಿರಬೇಕೆಂದೂ, ಅಪರಾಧವಲ್ಲದ ಬೇರೆ ಯಾವ ಊಹೆಗೂ ಅವು ಎಡೆಗೊಡಬಾರದೆಂದೂ ವಿಧಿಸಿ ಅಪೀಲುದಾರರನ್ನು ಬಿಡುಗಡೆಮಾಡಿದರು. ಮರುತಿಂಗಳೇ ಅದೇ ನ್ಯಾಯಮೂರ್ತಿಗಳು ಪಾಲ್ವಿಂದರ್ ಕೌರ್ ಪ್ರಕರಣದಲ್ಲಿ, ಟ್ರಂಕಿನಲ್ಲಿ ತುಂಬಿ ಬಾವಿಗೆ ಎಸೆದ ಗಂಡನ ಶವದಂಥ ಘೋರ ಸಂಗತಿಯ ಎದುರಿನಲ್ಲಿಯೂ, ಸಂಶಯ ಪ್ರಮಾಣದ ಪೀಠವನ್ನು ಏರಕೂಡದೆಂದು ಆ ಹೆಂಗಸನ್ನು ಬಿಡುಗಡೆಮಾಡಿದರು. ಮೈಸೂರು ರಾಜ್ಯದಿಂದ ಹೋದ ಗೋವಿಂದ ರೆಡ್ಡಿಯ ಅಪೀಲಿನಲ್ಲಿಯೂ ಒರೆಗಲ್ಲಾದದ್ದು ಹನುಮಂತ ಪ್ರಕರಣವೇ.

ಈ ವಿಚಾರಧಾರೆ ಪೂರ್ಣರೂಪವನ್ನು ತಾಳಿದ್ದು 1984ರ ಶರದ್ ಬಿರ್ಧಿಚಂದ್ ಸಾರಡಾ ಪ್ರಕರಣದಲ್ಲಿ. ಪುಣೆಯಲ್ಲಿ ಮದುವೆಯಾಗಿ ನಾಲ್ಕು ತಿಂಗಳಾದ ಹೆಣ್ಣುಮಗಳೊಬ್ಬಳು 1982ರ ಜೂನ್ 12ರ ಬೆಳಗ್ಗೆ ಹಾಸಿಗೆಯಲ್ಲಿ ಸತ್ತಿದ್ದಳು. ಹೊಟ್ಟೆಯಲ್ಲಿ ಪೊಟ್ಯಾಸಿಯಂ ಸಯನೈಡ್ ಇತ್ತು. ಸೋದರಿಗೂ ಗೆಳತಿಗೂ ಅವಳು ಬರೆದ ಪತ್ರಗಳಲ್ಲಿ ಗಂಡನ ಉಪೇಕ್ಷೆಯ ದುಃಖವಿತ್ತು. ಸೆಷನ್ಸ್ ನ್ಯಾಯಾಲಯ ಗಂಡನಿಗೆ ಮರಣದಂಡನೆ ವಿಧಿಸಿತು. ಮುಂಬಯಿ ಹೈಕೋರ್ಟು ಸ್ಥಿರೀಕರಿಸಿತು. ಅದೇ ಪತ್ರಗಳನ್ನು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳು ಓದಿದಾಗ ಕಂಡದ್ದು ಬೇರೆ: ಬದುಕಿನಲ್ಲಿ ನಿರಾಶಳಾದ ಸೂಕ್ಷ್ಮಮನಸ್ಸಿನ ಹುಡುಗಿ ತಾನೇ ವಿಷವನ್ನು ಸೇವಿಸಿರಲಾರಳೆಂದು ಹೇಳಲು ಆಧಾರವಿರಲಿಲ್ಲ; ಆರೋಪಿಯ ಬಳಿ ಸಯನೈಡ್ ಇತ್ತೆಂಬುದಕ್ಕೂ ಸಾಕ್ಷ್ಯವಿರಲಿಲ್ಲ. ನ್ಯಾಯಮೂರ್ತಿ ಫಜಲ್ ಅಲಿ ಇಲ್ಲಿ ಐದು ಸೂತ್ರಗಳನ್ನು ಹೆಣೆದು ಅವನ್ನು ಪಂಚಶೀಲವೆಂದು ಕರೆದರು. ಸಂಗತಿಗಳು ಸಿದ್ಧವಾಗಿರಲೇಬೇಕು, ಸಿದ್ಧವಾಗಿರಬಹುದೆಂದರೆ ಸಾಲದು. ಅವು ಆರೋಪಿಯ ಅಪರಾಧಕ್ಕೆ ಮಾತ್ರ ಹೊಂದಬೇಕು. ಅವುಗಳ ಸ್ವಭಾವ ನಿರ್ಣಾಯಕವಾಗಿರಬೇಕು. ಉಳಿದೆಲ್ಲ ಊಹೆಗಳನ್ನು ಅವು ಹೊರಗಟ್ಟಬೇಕು. ಕೊನೆಯದಾಗಿ ಸಾಕ್ಷ್ಯದ ಸರಪಳಿ, ಮಾನವಸಾಧ್ಯವಾದ ಮಟ್ಟಿಗೆ ಕೃತ್ಯ ಆರೋಪಿಯದೇ ಎಂಬುದನ್ನು ತೋರುವಷ್ಟು ಸಂಪೂರ್ಣವಾಗಿರಬೇಕು. ಇವು ಐದಲ್ಲ, ಒಂದೇ ಮಾತಿನ ಐದು ಮುಖಗಳೆಂದರೆ ಹೆಚ್ಚು ನಿಜ. ಅಲ್ಲಿಯೇ ಹೇಳಿದ ಇನ್ನೊಂದು ಮಾತಿಗೆ ವ್ಯವಹಾರದಲ್ಲಿ ಬೆಲೆ ಹೆಚ್ಚು: ಆರೋಪಿಯ ಸುಳ್ಳು ಸಮಜಾಯಿಷಿ ಪೂರ್ಣಗೊಂಡ ಸರಪಳಿಗೆ ಬಲವನ್ನು ಕೊಡಬಹುದೇ ಹೊರತು, ತುಂಡಾದ ಸರಪಳಿಯನ್ನು ಬೆಸೆಯಲಾರದು.

ಮೇಲ್ಮನವಿಯಲ್ಲಿ ವಕೀಲರು ಸಾಮಾನ್ಯವಾಗಿ ಕೆದಕುವ ಸಂಗತಿಗಳು ಕೆಲವೇ. ಮೃತನೊಡನೆ ಆರೋಪಿ ಕಟ್ಟಕಡೆಗೆ ಕಾಣಿಸಿಕೊಂಡನೆಂಬುದು ಅವುಗಳಲ್ಲಿ ಮುಖ್ಯವಾದುದು. ಕಂಡ ಹೊತ್ತಿಗೂ ಸತ್ತ ಹೊತ್ತಿಗೂ ಅಂತರ ಹೆಚ್ಚಿದಷ್ಟೂ ನಡುವೆ ಮತ್ತೊಬ್ಬನು ಬಂದಿರಬಹುದಾದ ಸಂಭವವೂ ಹೆಚ್ಚುವುದರಿಂದ, ಇದೊಂದರ ಮೇಲೆಯೇ ಕೊಲೆಯ ತೀರ್ಪನ್ನು ನಿಲ್ಲಿಸಲಾಗದು. ಎರಡನೆಯದು ಸಾಕ್ಷ್ಯ ಅಧಿನಿಯಮದ 27ನೆಯ ಕಲಮಿನ ಜಪ್ತಿ. ಪೊಲೀಸರ ವಶದಲ್ಲಿದ್ದವನ ಹೇಳಿಕೆಯಿಂದ ಒಂದು ಸಂಗತಿ ಬಯಲಾದರೆ, ಆ ಸಂಗತಿಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ಚಾಕುವನ್ನು ಮನೆಯ ಸೂರಿನಲ್ಲಿ ಬಚ್ಚಿಟ್ಟಿದ್ದೇನೆಂಬ ಮಾತು ಸಲ್ಲುತ್ತದೆ, ಅದರಿಂದಲೇ ಇರಿದೆನೆಂಬ ಮಾತು ಸಲ್ಲದು ಎಂದು ಪ್ರಿವಿ ಕೌನ್ಸಿಲ್ 1946ರಲ್ಲಿ ಪುಲುಕುರಿ ಕೊಟ್ಟಯ್ಯನ ಪ್ರಕರಣದಲ್ಲಿ ವಿವರಿಸಿತು. ನಮ್ಮ ಕಡೆಯ ಮೊಕದ್ದಮೆಗಳಲ್ಲಿ ಮಹಜರಿಗೆ ಸಹಿಹಾಕಿದ ಪಂಚರು ನ್ಯಾಯಾಲಯದಲ್ಲಿ ತಿರುಗಿಬೀಳುವುದೂ, ಠಾಣೆಯಲ್ಲಿ ಖಾಲಿ ಹಾಳೆಗೆ ಸಹಿ ಮಾಡಿದೆವೆಂದು ನುಡಿಯುವುದೂ ಎಷ್ಟು ಸಾಮಾನ್ಯವೆಂದರೆ, ಅಪೀಲಿನ ವಾದ ಅರ್ಧಭಾಗ ಇದರ ಸುತ್ತಲೇ ಸುತ್ತುವುದುಂಟು. ಮೂರನೆಯದು 106ನೆಯ ಕಲಂ. ಮನೆಯ ನಾಲ್ಕು ಗೋಡೆಗಳ ನಡುವೆ ನಡೆದ ಸಾವಿಗೆ ಮನೆಯಲ್ಲಿದ್ದವನೇ ವಿವರಣೆ ಕೊಡಬೇಕೆಂದು ತ್ರಿಮುಖ ಮಾರೋತಿ ಕಿರಕನ್ ಪ್ರಕರಣ 2006ರಲ್ಲಿ ಹೇಳಿತಾದರೂ, ಸಾಧನೆಯ ಹೊಣೆಯನ್ನು ಪ್ರಾಸಿಕ್ಯೂಷನ್ನಿನ ಹೆಗಲಿನಿಂದ ಇಳಿಸುವುದಕ್ಕೆ ಈ ಕಲಂ ಹುಟ್ಟಿಲ್ಲವೆಂದು 1956ರಲ್ಲಿಯೇ ಶಂಭುನಾಥ ಮೆಹ್ರಾ ಪ್ರಕರಣ ಎಚ್ಚರಿಸಿತ್ತು.

ಇದನ್ನೆಲ್ಲ ಓದಿದವರಿಗೆ, ಸಾಂದರ್ಭಿಕ ಸಾಕ್ಷ್ಯದ ಅಪೀಲು ಎಂದರೆ ಬಿಡುಗಡೆಯ ಹೆಬ್ಬಾಗಿಲೆಂಬ ಭಾವನೆ ಬರುವುದಾದರೆ ಅದು ತಪ್ಪು. 1956ರ ನವೆಂಬರಿನಲ್ಲಿ ಪುಣೆಯ ವೈದ್ಯ ಅನಂತ ಚಿಂತಾಮಣ ಲಾಗೂ, ಸಿರಿವಂತ ವಿಧವೆಯೊಬ್ಬಳನ್ನು ಚಿಕಿತ್ಸೆಯ ನೆಪದಿಂದ ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಕರೆದೊಯ್ದನು; ಪ್ರಜ್ಞೆಯಿಲ್ಲದ ಅವಳನ್ನು ಬೇರೆ ಹೆಸರಿನಲ್ಲಿ ಆಸ್ಪತ್ರೆಗೆ ಸೇರಿಸಿದನು; ಅವಳು ಸತ್ತಾಗ ಬಂಧುಗಳಿಗೆ ತಿಳಿಸಲಿಲ್ಲ; ಬದಲಾಗಿ ಅವಳು ಮರುಮದುವೆಯಾಗಿ ದೂರದೇಶದಲ್ಲಿ ಸುಖವಾಗಿರುವಳೆಂಬ ಪತ್ರಗಳನ್ನು ಅವಳ ಹೆಸರಿನಲ್ಲಿಯೇ ಸೃಷ್ಟಿಸಿ ಆಸ್ತಿಯನ್ನು ಕಬಳಿಸಿದನು. ಶವದಲ್ಲಿ ಯಾವ ವಿಷವೂ ಪತ್ತೆಯಾಗಲಿಲ್ಲ. ವಿಷವೇ ಕಾಣದಿರುವಾಗ ವಿಷಪ್ರಯೋಗ ಹೇಗೆ ಸಿದ್ಧವಾದೀತೆಂಬುದು ಅಪೀಲಿನ ವಾದ. ವಿಷದ ಜ್ಞಾನವುಳ್ಳ ವೈದ್ಯನು ಪತ್ತೆಯಾಗದ ವಿಷವನ್ನು ಆಯಬಲ್ಲನೆಂದೂ, ಮುಂಚಿನ ಮತ್ತು ತರುವಾಯದ ಅವನ ನಡತೆ ಸಹಜವಾದ ಸಾವಿನೊಡನೆ ಯಾವ ರೀತಿಯಿಂದಲೂ ಹೊಂದದೆಂದೂ ನ್ಯಾಯಮೂರ್ತಿ ಹಿದಾಯತುಲ್ಲಾ ಬಹುಮತದ ತೀರ್ಪಿನಲ್ಲಿ ವಿವರಿಸಿದರು. ನ್ಯಾಯಮೂರ್ತಿ ಸರ್ಕಾರ್ ಒಪ್ಪಲಿಲ್ಲ. 1959ರ ಡಿಸೆಂಬರಿನಲ್ಲಿ ಮರಣದಂಡನೆ ಸ್ಥಿರವಾಯಿತು.

ಬೆಂಗಳೂರಿನ ರಿಚ್ಮಂಡ್ ರಸ್ತೆಯ ಮನೆಯೊಂದರ ಅಂಗಳದಲ್ಲಿ 1994ರಲ್ಲಿ ಅಗೆದು ತೆಗೆದ ಮರದ ಪೆಟ್ಟಿಗೆಯ ಪ್ರಕರಣವೂ ಇದೇ ಜಾತಿಯದು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳಾದ ಮನೆಯೊಡತಿ 1991ರಿಂದ ಕಾಣೆಯಾಗಿದ್ದಳು. ಪತಿಯಾದ ಸ್ವಾಮಿ ಶ್ರದ್ಧಾನಂದ ಅವಳು ಪ್ರವಾಸದಲ್ಲಿರುವಳೆಂದು ಕೇಳಿದವರಿಗೆಲ್ಲ ಹೇಳಿಕೊಂಡು ಅವಳ ಆಸ್ತಿಯನ್ನು ಮಾರುತ್ತಿದ್ದನು. ಅವನೇ ತೋರಿಸಿದ ಸ್ಥಳದಲ್ಲಿ ಸಿಕ್ಕ ಅಸ್ಥಿಗಳನ್ನು ಡಿಎನ್ಎ ಪರೀಕ್ಷೆಯಿಂದಲೂ ತಲೆಬುರುಡೆಯನ್ನು ಭಾವಚಿತ್ರದೊಡನೆ ಹೋಲಿಸುವ ವಿಧಾನದಿಂದಲೂ ಗುರುತಿಸಲಾಯಿತು. ಸೆಷನ್ಸ್ ನ್ಯಾಯಾಲಯ 2005ರಲ್ಲಿ ಕೊಟ್ಟ ಮರಣದಂಡನೆಯನ್ನು ಕರ್ನಾಟಕ ಹೈಕೋರ್ಟು ಸ್ಥಿರೀಕರಿಸಿತು. ದೋಷನಿರ್ಣಯದ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಂಶಯವಿರಲಿಲ್ಲ. ದಂಡನೆಯ ವಿಷಯದಲ್ಲಿ 2007ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ತಾಳಿದ್ದರಿಂದ 2008ರಲ್ಲಿ ಮೂವರ ಪೀಠ ಸೇರಿ, ನೇಣಿಗೆ ಬದಲಾಗಿ ಕೊನೆಯುಸಿರಿನವರೆಗೆ ಬಿಡುಗಡೆಯಿಲ್ಲದ ಸೆರೆಮನೆಯನ್ನು ವಿಧಿಸಿತು.

ವಿಜ್ಞಾನದ ನೆರವು ಇಲ್ಲಿ ಸತ್ಯದ ಕಡೆಗೆ ಕೊಂಡೊಯ್ದಿತು. ಯಾವಾಗಲೂ ಹಾಗೆಯೇ ಆದೀತೆಂಬ ಭರವಸೆಯಿಲ್ಲ. ಆಸ್ಟ್ರೇಲಿಯದ ಉಲುರು ಬಂಡೆಯ ಬಳಿ 1980ರ ಆಗಸ್ಟ್ 17ರಂದು ಡೇರೆಯಿಂದ ಕಾಣೆಯಾದ ಹಸುಗೂಸನ್ನು ಡಿಂಗೊ ನಾಯಿ ಎತ್ತಿಕೊಂಡುಹೋಯಿತೆಂದು ತಾಯಿ ಲಿಂಡಿ ಚೇಂಬರ್ಲೇನ್ ಕೂಗಿ ಹೇಳಿದಳು. ಕಾರಿನೊಳಗೆ ಶಿಶುವಿನ ರಕ್ತವಿದೆಯೆಂಬ ತಜ್ಞರ ಮಾತನ್ನು ನಂಬಿ ಜ್ಯೂರಿ 1982ರಲ್ಲಿ ಅವಳನ್ನೇ ಕೊಲೆಗಾತಿಯೆಂದಿತು. 1984ರಲ್ಲಿ ಆ ದೇಶದ ಹೈಕೋರ್ಟು ಇಬ್ಬರ ವಿರುದ್ಧ ಮೂವರ ಮತದಿಂದ ಅಪೀಲನ್ನು ತಳ್ಳಿಹಾಕಿತು. 1986ರಲ್ಲಿ ಮಗುವಿನ ಅಂಗಿ ಬಂಡೆಯ ಬುಡದಲ್ಲಿ ಸಿಕ್ಕಿತು. ರಕ್ತವೆಂದಿದ್ದದ್ದು ಕಾರಿನ ಸದ್ದಡಗಿಸಲು ಬಳಿಯುವ ಲೇಪನವೆಂದು ತಿಳಿದುಬಂದಿತು. 1988ರಲ್ಲಿ ತೀರ್ಪು ರದ್ದಾಯಿತು. ಮೇಲಿನ ನ್ಯಾಯಾಲಯವೂ ಮಂಜನ್ನು ಹೊಗೆಯೆಂದು ಬಗೆಯಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಾಗಿಲ್ಲ.

ಮೇಲ್ಮನವಿ ನ್ಯಾಯಾಲಯದ ಅಧಿಕಾರವ್ಯಾಪ್ತಿಯನ್ನು ಕುರಿತು ಒಂದೆರಡು ಮಾತು ಉಳಿದಿವೆ. ಕಣ್ಣಾರೆ ಕಂಡವನ ಸಾಕ್ಷ್ಯವನ್ನು ಅಳೆಯುವಾಗ, ಸಾಕ್ಷಿಕಟ್ಟೆಯಲ್ಲಿ ಅವನ ಮುಖಭಾವವನ್ನೂ ತಡವರಿಕೆಯನ್ನೂ ನೋಡಿದ ಕೆಳಗಿನ ನ್ಯಾಯಾಧೀಶರಿಗೆ, ಕಾಗದವನ್ನು ಮಾತ್ರ ಓದುವ ಮೇಲಿನವರಿಗಿಂತ ಅನುಕೂಲ ಹೆಚ್ಚು. ಆದರೆ ಸಿದ್ಧವಾದ ಸಂಗತಿಗಳಿಂದ ಅನುಮಾನವನ್ನು ತೆಗೆಯುವ ಕೆಲಸದಲ್ಲಿ ಆ ಅನುಕೂಲ ಇಲ್ಲವಾದುದರಿಂದ, ಈ ಬಗೆಯ ಅಪೀಲುಗಳಲ್ಲಿ ಇಡೀ ಸಾಕ್ಷ್ಯವನ್ನು ಹೊಸದಾಗಿ ತೂಗಿನೋಡಲು ಮೇಲಿನ ನ್ಯಾಯಾಲಯ ಹಿಂಜರಿಯಬೇಕಾದ ಕಾರಣವಿಲ್ಲ. ಆರೋಪಿ ಬಿಡುಗಡೆಯಾದ ಮೇಲೆ ಸರ್ಕಾರ ಅಪೀಲು ಹೋದಾಗ ಮಾತ್ರ ತಕ್ಕಡಿ ಬೇರೆ: ನಿರ್ದೋಷಿಯೆಂಬ ಪೂರ್ವಭಾವನೆ ಬಿಡುಗಡೆಯಿಂದ ಇಮ್ಮಡಿಯಾಗುವುದೆಂದೂ, ಎರಡು ಅಭಿಪ್ರಾಯಗಳು ಸಾಧ್ಯವಿರುವಲ್ಲಿ ಬಿಡುಗಡೆಯನ್ನು ಕದಲಿಸಬಾರದೆಂದೂ 2007ರಲ್ಲಿ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸಂಗ್ರಹಿಸಿ ಹೇಳಿದೆ.

ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿದಲ್ಲಿ, ದಂಡಿತನು ಕೇಳಲಿ ಬಿಡಲಿ, ಹೈಕೋರ್ಟಿನ ಸ್ಥಿರೀಕರಣವಿಲ್ಲದೆ ಅದು ಜಾರಿಯಾಗತಕ್ಕದ್ದಲ್ಲ. ಅದನ್ನು ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳು ಪರಿಶೀಲಿಸತಕ್ಕದ್ದು, ಅವರಲ್ಲಿ ಭಿನ್ನಾಭಿಪ್ರಾಯವುಂಟಾದರೆ ಮೂರನೆಯವರ ಮುಂದೆ ಹೋಗತಕ್ಕದ್ದು. ಹೈಕೋರ್ಟಿಗೆ ಅಪೀಲು ಸಲ್ಲಿಸಲು ಮರಣದಂಡನೆಗೆ 30 ದಿನಗಳ, ಇತರ ಶಿಕ್ಷೆಗಳಿಗೆ 60 ದಿನಗಳ ಅವಧಿಯಿದೆ. ಬಿಡುಗಡೆಯನ್ನು ಹೈಕೋರ್ಟು ತಲೆಕೆಳಗುಮಾಡಿ ಮರಣದಂಡನೆಯನ್ನೋ ಜೀವಾವಧಿಯನ್ನೋ ವಿಧಿಸಿದರೆ ಸರ್ವೋಚ್ಚ ನ್ಯಾಯಾಲಯಕ್ಕೆ ಹಕ್ಕಿನಿಂದಲೇ ಹೋಗಬಹುದು. ಉಳಿದವರು ಸಾಮಾನ್ಯವಾಗಿ ಸಂವಿಧಾನದ 136ನೆಯ ಅನುಚ್ಛೇದದ ವಿಶೇಷ ಅನುಮತಿಯನ್ನು ಬೇಡಬೇಕು. ಸೆರೆಮನೆಯಲ್ಲಿರುವ ದಂಡಿತನು ವಕೀಲನನ್ನು ಹುಡುಕಿ ಅಲೆಯಬೇಕಾದುದಿಲ್ಲ; ತೀರ್ಪಿನ ಪ್ರತಿಯೊಡನೆ ಅಪೀಲಿನ ಅರ್ಜಿಯನ್ನು ಸೆರೆಮನೆಯ ಅಧಿಕಾರಿಯ ಕೈಗೆ ಕೊಟ್ಟರೆ ಅದನ್ನು ನ್ಯಾಯಾಲಯಕ್ಕೆ ತಲುಪಿಸುವುದು ಆ ಅಧಿಕಾರಿಯ ಕರ್ತವ್ಯ, ಮತ್ತು ವಕೀಲನನ್ನು ಇಟ್ಟುಕೊಳ್ಳುವ ಶಕ್ತಿಯಿಲ್ಲದವನಿಗೆ ಸರ್ಕಾರದ ವೆಚ್ಚದಲ್ಲಿ ಕಾನೂನಿನ ನೆರವು ದೊರೆಯುತ್ತದೆ.